ಬಿಸಿಯಾಗಬಾರದ ದೀಪ

ನಮ್ಮ ಭಾವ ಕೆಟ್ಟವರಲ್ಲ. ಈ ಮಾತನ್ನು ಮೊದಲೇ ಹೇಳಿ ಮುಗಿಸುತ್ತೇನೆ, ಏಕೆಂದರೆ ಮುಂದೆ ಹೇಳಲು ನನಗೆ ಮನಸ್ಸು ಬರುವ ಭರವಸೆ ಇಲ್ಲ. ಅವರು ಕುಡಿಯುವುದಿಲ್ಲ, ಸುಳ್ಳು ಹೇಳುವುದಿಲ್ಲ, ಯಾರ ಮೇಲೂ ಕೂಗಾಡುವುದಿಲ್ಲ. ಇರುವುದು ಒಂದೇ ಕಾಯಿಲೆ. ಯಾರಾದರೂ ಏನನ್ನಾದರೂ ವಿವರಿಸಲು ಬಾಯಿ ತೆರೆದರೆ ಅರ್ಧ ಕೇಳಿ, "ಗೊತ್ತು, ಗೊತ್ತು" ಅಂದುಬಿಡುತ್ತಾರೆ. ಉಳಿದರ್ಧದಲ್ಲಿ ಏನಿತ್ತೆಂಬುದು ಮನೆಯವರಿಗೆಲ್ಲ ಆಮೇಲೆ ತಿಳಿಯುತ್ತದೆ.

ಕರೆಗಂಟೆಯನ್ನೇ ತೆಗೆದುಕೊಳ್ಳಿ. ಎರಡು ವರ್ಷದ ಹಿಂದೆ ಅದನ್ನು ಅವರೇ ರಿಪೇರಿ ಮಾಡಿದರು. ಅಂದಿನಿಂದ ಅವರ ಬಾಗಿಲ ಗುಂಡಿ ಒತ್ತಿದರೆ ಮೇಲಿನ ಮನೆಯಲ್ಲಿ ಗಂಟೆ ಹೊಡೆಯುತ್ತದೆ. ಮೇಲಿನ ಮನೆ ನನ್ನದು. ಹಾಲಿನವನು ಬರಲಿ, ಪೇಪರಿನವನು ಬರಲಿ, ಅಕ್ಕನ ಗಿರಾಕಿಗಳು ಬರಲಿ, ನಾನು ಇಪ್ಪತ್ತೆರಡು ಮೆಟ್ಟಿಲು ಇಳಿದು ಬಂದು, "ಅಕ್ಕಾ, ಯಾರೋ ಬಂದಿದ್ದಾರೆ" ಅನ್ನಬೇಕು. ಭಾವನ ಪ್ರಕಾರ ಗಂಟೆ ರಿಪೇರಿಯಾಗಿದೆ. ಹೊಡೆಯುತ್ತದಲ್ಲ, ಇನ್ನೇನು ಬೇಕು? ನೀರು ಸರಬರಾಜು ಕಚೇರಿಯಲ್ಲಿ ಮನೆಮನೆಗೆ ಹೋಗಿ ಮೀಟರು ಓದುವ ಈ ಮನುಷ್ಯ ಆ ಗಂಟೆಯ ನಂತರ ತಮ್ಮನ್ನು ಎಲೆಕ್ಟ್ರಾನಿಕ್ಸ್ ಬಲ್ಲವರ ಸಾಲಿಗೆ ತಾವೇ ಸೇರಿಸಿಕೊಂಡರು.

ನಾನು ಪಕ್ಕದ ಬೀದಿಯ ಪ್ರೆಸ್ಸಿನಲ್ಲಿ ಕರಡು ತಿದ್ದುವವನು. ಬೇರೆಯವರ ತಪ್ಪು ಹುಡುಕುವುದೇ ನನ್ನ ಹೊಟ್ಟೆಪಾಡು. ಮಧ್ಯಾಹ್ನದ ಊಟ ಮಾತ್ರ ದಿನಾ ಅಕ್ಕನ ಮನೆಯಲ್ಲಿ, ಅವಳ ಕೆಲಸದ ಮೇಜಿನ ಒಂದು ತುದಿಯಲ್ಲಿ.

ಅಕ್ಕ ರಫೂ ಕೆಲಸದವಳು. ಬಟ್ಟೆ ಹರಿದರೆ, ಸುಟ್ಟರೆ, ಹುಳ ತಿಂದರೆ ತಂದು ಇವಳಿಗೆ ಕೊಡುತ್ತಾರೆ. ಅದೇ ಬಟ್ಟೆಯ ಒಳಮಡಿಕೆಯಿಂದ ಒಂದೊಂದೇ ಎಳೆ ಬಿಡಿಸಿಕೊಂಡು, ತೂತಿದ್ದ ಜಾಗದಲ್ಲಿ ಹಾಸು ಹೊಕ್ಕು ಹಾಕಿ ಮತ್ತೆ ನೇಯ್ದು ಕೊಡುತ್ತಾಳೆ. ತೂತು ಎಲ್ಲಿತ್ತೆಂದು ಕೊನೆಗೆ ಬಟ್ಟೆಯ ಯಜಮಾನನಿಗೇ ತಿಳಿಯಬಾರದು. ಕಪ್ಪು ಬಟ್ಟೆಯಲ್ಲಂತೂ ಅವಳನ್ನು ಮೀರಿಸುವವರಿಲ್ಲ. ಕಪ್ಪಿನ ಮೇಲೆ ಕಪ್ಪು ದಾರ ಹಾಕುವುದೆಂದರೆ ಬೇರೆ ರಫೂದವರು ಕೈಮುಗಿದು ವಾಪಸು ಕಳಿಸುತ್ತಾರೆ. ಹಾಗೆ ವಾಪಸಾದ ವಕೀಲರ ಕೋಟುಗಳೆಲ್ಲ ಅಕ್ಕನ ಮೇಜಿಗೆ ಬರುತ್ತಿದ್ದವು.

ಹೋದ ತಿಂಗಳು ಪಕ್ಕದ ಗೋದಾಮಿನವರು ಅವಳ ಕೆಲಸದ ಕೋಣೆಯ ಕಿಟಕಿಗೆ ಮೂರಡಿ ದೂರದಲ್ಲಿ ಗೋಡೆ ಎಬ್ಬಿಸಿದರು. ಅಂದಿನಿಂದ ಆ ಕೋಣೆಗೆ ನಡುಮಧ್ಯಾಹ್ನವೂ ಟ್ಯೂಬ್‌ಲೈಟು ಬೇಕು. ಟ್ಯೂಬ್‌ಲೈಟು ಹಾಕಿದರೆ ಅವಳ ತಲೆಯ ನೆರಳು ಅವಳ ಕೈಮೇಲೇ ಬೀಳುತ್ತದೆ. ಎರಡು ವಾರ ಕಳೆದ ಮೇಲೆ ಒಂದು ದಿನ ಬಡಿಸುತ್ತ ಹೇಳಿದಳು: "ಇನ್ಮೇಲೆ ಕಪ್ಪು ಬಟ್ಟೆ ತಗೊಳ್ಳಲ್ಲ ಕಣೋ. ನೋಡಿ ನೋಡಿ ಬೇಜಾರಾಗಿದೆ. ಬಣ್ಣದ್ದು ಬಂದ್ರೆ ಮಾಡ್ತೀನಿ, ಇಲ್ದಿದ್ರೆ ಇಲ್ಲ." ಇಪ್ಪತ್ತು ವರ್ಷ ಕಪ್ಪನ್ನೇ ನೋಡಿದವಳಿಗೆ ಬೇಜಾರಾಗುವುದು ಸಹಜ. "ಒಳ್ಳೇದಾಯ್ತು ಬಿಡು" ಅಂದು ನಾನು ಇನ್ನೊಂದು ಸೌಟು ಹಾಕಿಸಿಕೊಂಡೆ. ಭಾವ ಏನೂ ಹೇಳಲಿಲ್ಲ. ಅವರು ಸುಮ್ಮನಿದ್ದರೆ ನಾವು ಹೆದರಬೇಕಿತ್ತು. ಹೆದರಲಿಲ್ಲ.

ಅದಕ್ಕೂ ಮೊದಲೇ ಮಾತು ಕೊಟ್ಟಿದ್ದ ಕಪ್ಪು ಕೋಟು ಒಂದೇ ಉಳಿದಿತ್ತು. ಅದು ನ್ಯಾಯಾಧೀಶರದು. ಸೋಮವಾರ ಅವರ ನಿವೃತ್ತಿ. ಕೆಲಸಕ್ಕೆ ಸೇರಿದ ಮೊದಲ ದಿನ ಹಾಕಿದ್ದ ಕೋಟನ್ನೇ ಕೊನೆಯ ದಿನವೂ ಹಾಕಿಕೊಂಡು ಪೀಠದ ಮೇಲೆ ಕೂರಬೇಕೆಂದು ಅವರ ಆಸೆ. ಪೆಟ್ಟಿಗೆಯಿಂದ ತೆಗೆದು ನೋಡಿದರೆ ಎದೆಯ ಮೇಲೆ ಹುಳ ತಿಂದು ಕಾಸಿನಗಲದ ತೂತು. ಅವರ ಜವಾನ ಮಂಗಳವಾರ ಅದನ್ನು ಎರಡೂ ಕೈಯಲ್ಲಿ ಹೊತ್ತು ತಂದ.

"ಅಮ್ಮಾ, ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಸಾಹೇಬ್ರು ಖುದ್ದಾಗಿ ಬಂದು ತಗೊಳ್ತಾರೆ. ನಮ್ಮಲ್ಲಿ ಎಲ್ಲಾನೂ ಮುಂದಕ್ಕೆ ಹಾಕ್ತೀವಿ, ನಿವೃತ್ತಿ ಒಂದನ್ನ ಹಾಕೋಕಾಗಲ್ಲ" ಅಂದ.

ಬುಧವಾರ ಸಂಜೆಯ ಹೊತ್ತಿಗೆ ಅಕ್ಕ ಹಾಕಿದ್ದಕ್ಕಿಂತ ಬಿಚ್ಚಿದ್ದೇ ಹೆಚ್ಚಾಗಿತ್ತು. ನಾಲ್ಕು ಎಳೆ ನೇಯುವುದು, ಟ್ಯೂಬ್‌ಲೈಟಿನ ಕಡೆಗೆ ಎತ್ತಿ ಹಿಡಿಯುವುದು, ತುಟಿ ಕಚ್ಚಿಕೊಂಡು ಮತ್ತೆ ಬಿಚ್ಚುವುದು. ಈ ಕೋಟು ಕೆಟ್ಟರೆ ಇಪ್ಪತ್ತು ವರ್ಷದ ಹೆಸರು ನ್ಯಾಯಾಲಯದ ಮೆಟ್ಟಿಲ ಮೇಲೇ ಹೋಗುತ್ತಿತ್ತು.

ಗುರುವಾರ ಬೆಳಿಗ್ಗೆ ಭಾವ ಕಾಫಿ ಲೋಟ ಕೆಳಗಿಟ್ಟು ಘೋಷಿಸಿದರು: "ನಿನಗೆ ನಾನೇ ಒಂದು ದೀಪ ಮಾಡಿಕೊಡ್ತೀನಿ."

"ಅಂಗಡೀಲಿ ಸಿಗಲ್ವೇನ್ರೀ?" ಅಂದಳು ಅಕ್ಕ.

"ಅಂಗಡಿ ದೀಪ ಎಲ್ಲರಿಗೂ ಆಗೋ ಹಾಗೆ ಮಾಡಿರ್ತಾರೆ. ನಿನಗೆ ಬೇಕಾಗಿರೋದು ಕಪ್ಪು ಬಟ್ಟೆಗೆ ಅಂತಲೇ ಮಾಡಿದ ದೀಪ. ಎಲ್‌ಇಡಿ. ನೆರಳೇ ಬೀಳಬಾರದು, ಹಾಗೆ."

ಅವರು ಕಚೇರಿಗೆ ಶನಿವಾರದವರೆಗೆ ರಜೆ ಹಾಕಿದರು. ಸಾಮಾನು ಹೊರಲು ನನ್ನನ್ನು ಎಳೆದುಕೊಂಡು ಹೋದರು. ಬಿಡಿಭಾಗದ ಅಂಗಡಿ ಒಂದು ಓಣಿಯಷ್ಟೇ ಅಗಲ. ಗೋಡೆಗಳ ತುಂಬ ಪುಟ್ಟ ಪುಟ್ಟ ಖಾನೆಗಳು, ನಡುವೆ ಹಣೆಯ ಮೇಲೆ ಕನ್ನಡಕ ಏರಿಸಿಕೊಂಡ ಅಂಗಡಿಯವರು. ಅವರು ಒಳ್ಳೆಯವರು. ನಡೆದದ್ದರಲ್ಲಿ ಅವರ ತಪ್ಪು ಏನೂ ಇಲ್ಲವೆಂದು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

"ಕಪ್ಪು ಬಟ್ಟೆ ನೋಡೋಕೆ ಅಂದ್ರೆ ಮೂರು ವ್ಯಾಟಿನವು ಆರು ಹಾಕಿ ಸಾರ್" ಅಂದರು. "ಆದ್ರೆ ಒಂದು ಮಾತು. ಎಲ್‌ಇಡಿ ಬಿಸಿ ಆಗ್ಬಾರ್ದು. ಬಿಸಿ ಆದ್ರೆ ಸತ್ತೇ ಹೋಯ್ತು ಅಂತ ತಿಳ್ಕೊಳ್ಳಿ."

"ಗೊತ್ತು, ಗೊತ್ತು."

"ಅದಕ್ಕೇ ಈ ಹೀಟ್ ಸಿಂಕ್ ಮೇಲೆ ಕೂರಿಸ್ಬೇಕು." ಅವರು ಬಾಚಣಿಗೆಯ ಹಲ್ಲಿನಂತೆ ಸಾಲು ಸಾಲು ರೆಕ್ಕೆಗಳಿದ್ದ ಒಂದು ಅಲ್ಯೂಮಿನಿಯಂ ತುಂಡನ್ನು ಮುಂದಿಟ್ಟರು. "ಎಲ್‌ಇಡಿಗೂ ಇದಕ್ಕೂ ಮಧ್ಯೆ ಈ ಬಿಳಿ ಪೇಸ್ಟು, ತೆಳ್ಳಗೆ. ಆಮೇಲೆ ಸ್ಕ್ರೂ ಬಿಗಿಯಾಗಿ ತಿರುಗಿಸಿ. ಆಗ ಏನಾಗತ್ತೆ ಅಂದ್ರೆ ಸಾರ್, ಈ ಲೋಹ ಇದೆಯಲ್ಲ, ಇದು..."

"ಗೊತ್ತು ಸ್ವಾಮಿ, ಗೊತ್ತು. ಕಟ್ಟಿಕೊಡಿ."

ಆ "ಇದು" ಆದ ಮೇಲೆ ಬರಬೇಕಾಗಿದ್ದ ಮಾತು ಇಷ್ಟೇ: ಇದು ಎಲ್‌ಇಡಿಯ ಬಿಸಿಯನ್ನೆಲ್ಲ ಹೀರಿಕೊಂಡು ಗಾಳಿಗೆ ಬಿಡುತ್ತದೆ, ಆದ್ದರಿಂದ ಲೋಹ ಬಿಸಿಯಾಗುತ್ತದೆ, ಆಗಲೇಬೇಕು, ಬಿಸಿಯಾದರೆ ಕೆಲಸ ಸರಿಯಾಗಿ ನಡೆಯುತ್ತಿದೆ ಎಂದರ್ಥ. ನನಗೂ ಆಗ ಇದು ಗೊತ್ತಿರಲಿಲ್ಲ. ಆದರೆ ಗೊತ್ತು ಅಂತ ನಾನು ಹೇಳಲೂ ಇಲ್ಲ.

ಸಂಜೆ ನಾಲ್ಕರ ಹೊತ್ತಿಗೆ ದೀಪ ಸಿದ್ಧವಾಯಿತು. ಭಾವ ಕೊರೆದರು, ಬೆಸುಗೆ ಹಾಕಿದರು, ಎರಡು ಸಲ ಬೆರಳು ಸುಟ್ಟುಕೊಂಡರು. ಸ್ಕ್ರೂ ಹಿಡಿದುಕೊಂಡು, ತಂತಿ ಹಿಡಿದುಕೊಂಡು, ಉಸಿರು ಹಿಡಿದುಕೊಂಡು ಪಕ್ಕದಲ್ಲಿ ನಿಂತವನು ನಾನು. ಹಳೆಯ ಛತ್ರಿಯ ಕೋಲನ್ನು ಮೇಜಿನ ಅಂಚಿಗೆ ಬಿಗಿದು, ಅದರ ತುದಿಗೆ ಹೀಟ್ ಸಿಂಕನ್ನು ತಲೆಕೆಳಗಾಗಿ ತೂಗುಹಾಕಿದರು. ಅಡಿಯಲ್ಲಿ ಆರು ಎಲ್‌ಇಡಿ. ಗುಂಡಿ ಒತ್ತಿದರು.

ಬೆಳಕೆಂದರೆ ಬೆಳಕು! ಮೇಜಿನ ಮೇಲೆ ಬಿದ್ದಿದ್ದ ಗುಂಡುಸೂಜಿಗೂ ನೆರಳಿರಲಿಲ್ಲ. ಅಕ್ಕ ಕೋಟನ್ನು ಅಡಿಗೆ ಎಳೆದುಕೊಂಡು ಬಗ್ಗಿ ನೋಡಿದಳು.

"ಅಯ್ಯೋ, ಎಳೆ ಎಳೆ ಬಿಡಿಬಿಡಿಯಾಗಿ ಕಾಣ್ತಿದೆ ರೀ!"

ಸೂಜಿ ಓಡತೊಡಗಿತು. ಹತ್ತು ನಿಮಿಷದಲ್ಲಿ, ಎರಡು ದಿನದಲ್ಲಿ ಆಗದಿದ್ದಷ್ಟು ನೇಯ್ದಳು. ಭಾವ ಕೈಕಟ್ಟಿ ನಿಂತು ಅದನ್ನು ನೋಡುತ್ತಿದ್ದರು. ಆ ಗಳಿಗೆಯಲ್ಲಿ ಯಾರಾದರೂ ಅವರನ್ನು ಹೊರಗೆ ಕರೆದು ಬಾಗಿಲು ಹಾಕಿದ್ದರೆ ಈ ಕಥೆ ಇಲ್ಲಿಗೇ ಮುಗಿದು ಎಲ್ಲರೂ ಸುಖವಾಗಿರುತ್ತಿದ್ದೆವು. ಯಾರೂ ಕರೆಯಲಿಲ್ಲ. ಭಾವ ಪ್ರೀತಿಯಿಂದ ತಾವು ಮಾಡಿದ ದೀಪದ ಬೆನ್ನು ಸವರಿದರು.

"ಬಿಸಿ!" ಎಂದು ಕಿರುಚಿ ಗುಂಡಿ ಆರಿಸಿದರು.

"ಏನಾಯ್ತ್ರೀ?"

"ಕಾದು ಹೋಗಿದೆ ಕಣೇ! ಬಿಸಿ ಆಗಲೇಬಾರದು ಅಂತ ಅಂಗಡಿಯವರು ಬಾಯಿ ಬಿಟ್ಟು ಹೇಳಿದ್ದಾರೆ. ಎಲ್ಲೋ ತಪ್ಪಾಗಿದೆ."

"ಬಿಸಿ ಆದ್ರೆ ಆಗ್ಲಿ ಬಿಡಿ. ನಾನೇನು ಅದನ್ನ ತಬ್ಬಿಕೊಂಡು ಕೂತ್ಕೋತೀನಾ?"

"ನಿನಗೆ ಗೊತ್ತಾಗಲ್ಲ. ನೀನು ಏಳು."

ಹೀಗೆ ಜಗತ್ತಿನಲ್ಲಿ ಭಾವ ಮಾಡಿದ ಮೊದಲ ಸರಿಯಾದ ವಸ್ತುವನ್ನು ಭಾವನೇ ಬಿಚ್ಚಿ ಹಾಕಿದರು. ಸ್ಕ್ರೂಗಳನ್ನು ಹಿಡಿದುಕೊಂಡವನು ಮತ್ತೆ ನಾನು.

ಶುಕ್ರವಾರ ಬೆಳಿಗ್ಗೆ ನನ್ನ ಮನೆಯ ಗಂಟೆ ಹೊಡೆಯಿತು. ಇಳಿದು ಬಂದರೆ ಎದುರುಮನೆಯ ಬಾಯ್ಲರ್ ಸಾಹೇಬರು. ಕಾರ್ಖಾನೆಗಳ ಬಾಯ್ಲರುಗಳನ್ನು ಪರೀಕ್ಷಿಸುವ ಅಧಿಕಾರಿಯಾಗಿ ನಿವೃತ್ತರಾದವರು. ನಿವೃತ್ತಿಯ ನಂತರ ಪರೀಕ್ಷಿಸಲು ಏನೂ ಸಿಗದೆ ಬೀದಿಯ ಗ್ಯಾಸ್ ಒಲೆ, ಪ್ರೆಶರ್ ಕುಕ್ಕರುಗಳ ಮೇಲೆ ಕಣ್ಣಿಟ್ಟವರು. ಹಿಂದಿನ ದಿನದ ಕೊರೆಯುವ ಸದ್ದು ಕೇಳಿ ಬಂದಿದ್ದರು. ಭಾವ ಅವರಿಗೆ ದೀಪವನ್ನು ಮತ್ತೆ ಜೋಡಿಸಿ, ಹಚ್ಚಿ, ಮುಟ್ಟಿಸಿದರು.

ಸಾಹೇಬರ ಹುಬ್ಬು ಮೇಲೇರಿತು. "ಮೂವತ್ತೈದು ವರ್ಷ ಬಿಸಿ ಜೊತೆ ಬಾಳಿದೋನು ನಾನು. ಬಿಸಿ ಹುಟ್ಟೋ ಜಾಗಕ್ಕೂ ಲೋಹಕ್ಕೂ ನೇರ ಸಂಬಂಧ ಇಟ್ಟಿದ್ದೀರಲ್ಲ! ಮಧ್ಯೆ ತಡೆ ಎಲ್ಲಿ? ಬಾಯ್ಲರಿಗೆ ನಾವು ಅಷ್ಟು ದಪ್ಪ ಹೊದಿಕೆ ಹಾಕ್ತಿದ್ವಿ, ಹೊರಗಿಂದ ಮುಟ್ಟಿದ್ರೆ ಏನೂ ಗೊತ್ತಾಗ್ತಿರಲಿಲ್ಲ."

"ಅಯ್ಯೋ, ಗೊತ್ತು!" ಅಂದರು ಭಾವ. ಗೊತ್ತಿದ್ದರೆ ನಿನ್ನೆ ಯಾಕೆ ಮಾಡಲಿಲ್ಲವೆಂದು ಕೇಳುವಷ್ಟು ನಾನು ದೊಡ್ಡವನಲ್ಲ.

ಬಿಳಿ ಪೇಸ್ಟನ್ನು ಒರೆಸಿ ಎಸೆದರು. ಬಾಗಿಲ ಮೇಲೆ ಹೆಸರಿನ ಫಲಕ ಅಂಟಿಸಲು ತಂದಿಟ್ಟಿದ್ದ ಟೇಪು ಮನೆಯಲ್ಲಿತ್ತು, ಎರಡೂ ಕಡೆ ಅಂಟಿರುವ ದಪ್ಪ ಸ್ಪಂಜಿನದು. ಅದನ್ನು ಎರಡು ಪದರ ಹಾಕಿ ಅದರ ಮೇಲೆ ಎಲ್‌ಇಡಿಗಳನ್ನು ಅಂಟಿಸಿದರು. ಸ್ಕ್ರೂಗಳೂ ಲೋಹ ತಾನೆ, ಅವುಗಳ ಮೂಲಕ ಬಿಸಿ ಕಳ್ಳದಾರಿಯಲ್ಲಿ ಬರಬಹುದೆಂದು ಸಾಹೇಬರು ಅವನ್ನೂ ತೆಗೆಸಿದರು. ದೀಪ ಹಚ್ಚಿ ಗಡಿಯಾರ ನೋಡುತ್ತ ಹದಿನೈದು ನಿಮಿಷ ಕಾದರು. ಸಾಹೇಬರು ಅಂಗೈಯಿಟ್ಟು ಲೋಹವನ್ನು ಮುಟ್ಟಿ, ಕಣ್ಣುಮುಚ್ಚಿ, ಕಣ್ಣು ತೆರೆದು, ಭಾವನ ಕೈಕುಲುಕಿದರು.

ತಣ್ಣಗಿತ್ತು. ನೆಲಮಾಳಿಗೆಯ ಕಲ್ಲಿನಷ್ಟು ತಣ್ಣಗಿತ್ತು.

ಸಾಹೇಬರು ಕಾಗದ ತರಿಸಿ, "ಖುದ್ದಾಗಿ ಪರೀಕ್ಷಿಸಲಾಗಿದೆ. ತಣ್ಣಗಿದೆ. ಬಳಕೆಗೆ ಯೋಗ್ಯ" ಎಂದು ಬರೆದು, ದಿನಾಂಕ ಹಾಕಿ, ಸಹಿ ಮಾಡಿ, ಛತ್ರಿಕೋಲಿಗೆ ಅಂಟಿಸಿದರು. ಆಮೇಲೆ ಬೀದಿಯ ಕಡೆ ತಿರುಗಿ ಸುದ್ದಿ ಬಿಟ್ಟರು. ಮಧ್ಯಾಹ್ನದವರೆಗೆ ನನ್ನ ಗಂಟೆ ಹನ್ನೊಂದು ಸಲ ಹೊಡೆಯಿತು, ನಾನು ಪ್ರೆಸ್ಸಿಗೆ ಹೋಗಲೇ ಇಲ್ಲ. ಬಂದವರೆಲ್ಲ ಅಕ್ಕನ ತಲೆಯ ಮೇಲಿಂದ ಕೈಚಾಚಿ ಲೋಹ ಮುಟ್ಟುವುದು, "ಅಬ್ಬಾ, ಏನು ತಂಪು!" ಅನ್ನುವುದು. ಇಸ್ತ್ರಿ ಅಂಗಡಿಯವನು ಎರಡು ಸಲ ಮುಟ್ಟಿ, "ನನ್ನ ಇಸ್ತ್ರಿಪೆಟ್ಟಿಗೇನೂ ಹೀಗೇ ಮಾಡಿಕೊಡಿ ಸಾರ್" ಅಂದ. ಭಾವ ನೋಡೋಣ ಅಂದರು.

"ಒಂದು ಗಳಿಗೆ ಬೆಳಕು ಬಿಡ್ರಪ್ಪಾ, ನನಗೆ ಸೋಮವಾರಕ್ಕೆ ಕೊಡಬೇಕು" ಎಂದು ಅಕ್ಕ ಬೇಡಿಕೊಳ್ಳುತ್ತಲೇ ಇದ್ದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅಷ್ಟರಲ್ಲಿ ಆರರಲ್ಲಿ ಒಂದು ಎಲ್‌ಇಡಿ ನೀಲಿ ತಿರುಗಿ, ಎರಡು ಸಲ ಕಣ್ಣು ಮಿಟುಕಿಸಿ, ಆರಿಹೋಯಿತು. ಉಳಿದವೂ ಮಂಕಾಗಿದ್ದವು.

"ಕಳಪೆ ಮಾಲು!" ಅಂದರು ಭಾವ.

ಸಂಜೆ ಅಂಗಡಿಗೆ ಮತ್ತೆ ದಂಡಯಾತ್ರೆ. ಸತ್ತ ಎಲ್‌ಇಡಿಯನ್ನು ಭಾವ ಗಾಜಿನ ಮೇಲೆ ಟಪ್ಪೆಂದು ಇಟ್ಟರು. ಅಂಗಡಿಯವರು ಹಣೆಯಿಂದ ಕನ್ನಡಕ ಇಳಿಸಿ ನೋಡಿದರು.

"ಹೀಟ್ ಸಿಂಕ್ ಮೇಲೆ ಕೂರಿಸಿದ್ರಾ ಸಾರ್?"

"ಕೂರಿಸದೆ ಇರ್ತೀನಾ?"

"ಲೋಹ ತುಂಬಾ ಬಿಸಿ ಆಗಿತ್ತಾ?"

ಭಾವನಿಗೆ ಅವಮಾನವಾಯಿತು. "ಒಂದು ಚೂರೂ ಇಲ್ಲ! ನನ್ನನ್ನ ಏನಂದ್ಕೊಂಡಿದ್ದೀರಿ? ಹದಿನೈದು ನಿಮಿಷ ಉರಿದ ಮೇಲೂ ತಣ್ಣಗಿತ್ತು. ಸರ್ಕಾರದ ಅಧಿಕಾರಿಗಳು ಮುಟ್ಟಿ ನೋಡಿದ್ದಾರೆ."

ಅಂಗಡಿಯವರು ಗಲ್ಲ ಕೆರೆದುಕೊಂಡರು. ಲೋಹ ಬಿಸಿಯೇ ಆಗಲಿಲ್ಲವೆಂದರೆ ದೀಪ ಸರಿಯಾಗಿ ಉರಿಯುತ್ತಲೇ ಇಲ್ಲವೆಂದು ತಿಳಿದವರು ಯಾರಾದರೂ ಭಾವಿಸುತ್ತಾರೆ. "ಮಂಕಾಗಿ ಉರೀತಿತ್ತಾ?"

"ಹೌದು, ಮಂಕಾಗಿತ್ತು."

"ಹಾಗಾದ್ರೆ ಕರೆಂಟು ಸಾಲ್ತಿಲ್ಲ ಸಾರ್. ಇದಕ್ಕಿಂತ ದೊಡ್ಡ ಡ್ರೈವರ್ ಹಾಕಿ." ಡ್ರೈವರ್ ಎಂದರೆ ಕರೆಂಟನ್ನು ಅಳೆದು ಎಲ್‌ಇಡಿಗೆ ಕೊಡುವ ಪುಟ್ಟ ಡಬ್ಬಿ. ಅವರು ಎರಡರಷ್ಟು ದೊಡ್ಡ ಡಬ್ಬಿ ಕೊಟ್ಟರು. ಉಸಿರುಕಟ್ಟಿ ಒದ್ದಾಡುತ್ತಿದ್ದವನಿಗೆ ಊಟ ಸಾಲದೆಂದು ಇನ್ನೆರಡು ತಟ್ಟೆ ಬಡಿಸಿದ ಹಾಗಾಯಿತು. ಬರುವ ದಾರಿಯುದ್ದಕ್ಕೂ ಭಾವ, "ನಾನು ಆಗಲೇ ಅಂದ್ಕೊಂಡಿದ್ದೆ" ಅನ್ನುತ್ತಿದ್ದರು.

ಶನಿವಾರ ಬೆಳಿಗ್ಗೆ ಐದು ಎಲ್‌ಇಡಿಗಳು ದೊಡ್ಡ ಡಬ್ಬಿಯ ಬಲದಿಂದ ಝಗ್ಗೆಂದು ಹತ್ತಿದವು. ಅಕ್ಕ ಗಬಗಬನೆ ನೇಯತೊಡಗಿದಳು. ಹನ್ನೊಂದಕ್ಕೆ ಒಂದು ಸತ್ತಿತು. ಹನ್ನೆರಡಕ್ಕೆ ಜವಾನ ಬಂದ, ಕೆಲಸ ಎಲ್ಲಿಯವರೆಗೆ ಬಂತೆಂದು ನೋಡಲು. ಅವನ ಹಿಂದೆಯೇ, ಕರೆಯದೆ, ಬಾಯ್ಲರ್ ಸಾಹೇಬರು.

ಎದೆಯ ಮೇಲಿನ ತೂತು ಮುಕ್ಕಾಲು ಮುಚ್ಚಿತ್ತು. ಜವಾನ ಬಾಗಿ ನೋಡಿ, "ಅಮ್ಮಾ, ನಿಮ್ಮ ಕೈ ಅಂದ್ರೆ ಕೈ" ಅಂದ.

"ಕೈ ಇರ್ಲಿ, ದೀಪ ನೋಡಿ" ಅಂದರು ಭಾವ. "ಮುಟ್ಟಿ. ಹೆದರಬೇಡಿ, ಮುಟ್ಟಿ."

ಜವಾನ ಮುಟ್ಟಿದ. "ತಣ್ಣಗಿದೆ ಸಾರ್."

"ಈ ಸಮಸ್ಯೆಗೆ ದೊಡ್ಡ ದೊಡ್ಡವರೇ..." ಎಂದು ಬಾಯ್ಲರ್ ಸಾಹೇಬರು ಗಂಟಲು ಸರಿಮಾಡಿಕೊಂಡರು. ಆ ವಾಕ್ಯ ಮುಗಿಯಲಿಲ್ಲ. ಸ್ಪಂಜಿನ ಟೇಪಿನ ಗೋಂದು ಕರಗಿ, ಒಂದು ಎಲ್‌ಇಡಿ ನಿಧಾನವಾಗಿ ಜಾರಿ, ತಂತಿಯ ಸಮೇತ ಜೋತುಬಿದ್ದು, ನ್ಯಾಯಾಧೀಶರ ಕೋಟಿನ ಕಾಲರಿನ ಮೇಲೆ ಕೂತಿತು. ಚುಯ್ ಎಂದಿತು. ಕೂದಲು ಸುಟ್ಟ ವಾಸನೆ ಬಂತು. ಮೇಲಿನಿಂದ ಸಾಹೇಬರ ಪ್ರಮಾಣಪತ್ರವೂ ಕಳಚಿ ಬಂದು ಅದರ ಪಕ್ಕದಲ್ಲೇ ಬಿತ್ತು.

ಅಕ್ಕ ಅದನ್ನು ಕಿತ್ತು ತೆಗೆಯುವಷ್ಟರಲ್ಲಿ ಕಾಲರಿನಲ್ಲಿ ಕಡಲೆಕಾಳಿನಷ್ಟು ತೂತು.

ಜವಾನ ಗೋಡೆ ಹಿಡಿದುಕೊಂಡ. "ನಾನು ಒಂದು ತೂತು ಕೊಟ್ಟಿದ್ದೆ" ಅಂದ. "ಒಂದೇ. ರಸೀದೀಲೂ ಒಂದೇ ಅಂತ ಬರೆದಿದೆ."

"ಹೇಗಾಯ್ತು?" ಭಾವ ಲೋಹವನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದರು. "ಈಗಲೂ ತಣ್ಣಗೇ ಇದೆಯಲ್ಲ! ಮುಟ್ಟಿ ಸಾರ್, ನೀವೂ ಮುಟ್ಟಿ!"

ನನ್ನ ಮೈಯೆಲ್ಲ ಉರಿದುಹೋಯಿತು. ಎರಡು ದಿನದಿಂದ ಹಲ್ಲು ಕಚ್ಚಿ ಹಿಡಿದಿದ್ದ ಮಾತುಗಳೆಲ್ಲ ಒಟ್ಟಿಗೆ ಬಾಯಿಗೆ ಬಂದವು. ಅಕ್ಕ ಮೊದಲು ಮಾತಾಡದಿದ್ದರೆ ಆ ದಿನ ನಮ್ಮ ನೆಂಟಸ್ತಿಕೆ ಮುಗಿಯುತ್ತಿತ್ತು.

ಅಕ್ಕ ಅಳಲಿಲ್ಲ. ಕೋಟನ್ನು ಮಡಚಿ ಪಕ್ಕಕ್ಕಿಟ್ಟಳು. ಬಿದ್ದ ಎಲ್‌ಇಡಿಯ ಹತ್ತಿರ ಬೆರಳು ತಂದು ಸರಕ್ಕನೆ ಹಿಂದೆಗೆದಳು. ಆಮೇಲೆ ಲೋಹವನ್ನು ಮುಟ್ಟಿದಳು. ಮತ್ತೆ ಇದು, ಮತ್ತೆ ಅದು.

"ರೀ, ಒಲೆ ಧಗಧಗ ಉರೀತಿದೆ, ಪಾತ್ರೆ ತಣ್ಣಗಿದೆ. ಅಂದ್ರೆ ಏನರ್ಥ?"

"ಏನು?"

"ಪಾತ್ರೆ ಒಲೆ ಮೇಲೆ ಇಲ್ಲ ಅಂತ."

ಬಾಯ್ಲರ್ ಸಾಹೇಬರಿಗೆ ಎಲ್ಲರಿಗಿಂತ ಮೊದಲು ಅರ್ಥವಾಯಿತು. ಅವರು ಬಗ್ಗಿ ಪ್ರಮಾಣಪತ್ರ ಎತ್ತಿಕೊಂಡು, ನಾಲ್ಕಾಗಿ ಮಡಚಿ ಜೇಬಿಗೆ ಸೇರಿಸಿ, "ವಿದ್ಯುತ್ ಉಪಕರಣ ನಮ್ಮ ಇಲಾಖೆಗೆ ಬರಲ್ಲ" ಎಂದು ಹೇಳಿ ಚಪ್ಪಲಿ ಹುಡುಕಿದರು.

ಅಕ್ಕ ಸ್ಪಂಜನ್ನು ಉಗುರಿನಿಂದ ಕಿತ್ತಳು. ಲೋಹವನ್ನು ಹೊಳೆಯುವ ಹಾಗೆ ಒರೆಸಿದಳು. ಬದುಕಿದ್ದ ಎಲ್‌ಇಡಿಗಳು ಮೂರು. ಒಂದೊಂದರ ಬೆನ್ನಿಗೂ ಟ್ಯೂಬಿನಲ್ಲಿ ಉಳಿದಿದ್ದ ಬಿಳಿ ಪೇಸ್ಟನ್ನು ಅಕ್ಕಿಕಾಳಿನಷ್ಟು ಹಚ್ಚಿ, ಲೋಹಕ್ಕೆ ಒತ್ತಿ, ಸ್ಕ್ರೂ ಹಾಕಿ, "ಇದನ್ನ ನೀವು ಬಿಗಿ ಮಾಡಿ, ನನ್ನ ಕೈಲಿ ಅಷ್ಟು ಬಲ ಇಲ್ಲ" ಎಂದು ಭಾವನ ಕೈಗೆ ಸ್ಕ್ರೂಡ್ರೈವರು ಕೊಟ್ಟಳು. ಭಾವ ಬಿಗಿ ಮಾಡಿದರು. ಮೊದಲಿನ ಸಣ್ಣ ಡಬ್ಬಿಯನ್ನೇ ಮತ್ತೆ ಜೋಡಿಸಿದರು. ದೀಪ ಹತ್ತಿತು. ಐದು ನಿಮಿಷಕ್ಕೆ ಲೋಹ ಬಿಸಿಯಾಗತೊಡಗಿತು.

ಭಾವನ ಕೈ ಗುಂಡಿಯ ಕಡೆ ಹೋಯಿತು.

"ಮುಟ್ಟಿದ್ರೆ ನೋಡಿ!" ಅಂದಳು ಅಕ್ಕ.

"ಬಿಸಿ ಆಗ್ತಿದೆ ಕಣೇ..."

"ಆಗ್ಲಿ!"

ಮುನ್ನೆಚ್ಚರಿಕೆಯಾಗಿ ನಾನು ಅವರ ಒಂದು ಕೈ ಹಿಡಿದುಕೊಂಡೆ. ಜವಾನ ಇನ್ನೊಂದು ಕೈ ಹಿಡಿದುಕೊಂಡ. ನ್ಯಾಯಾಲಯದ ಸಿಬ್ಬಂದಿಗೆ ಇದು ಅಭ್ಯಾಸವಿರುತ್ತದೆ. ಅರ್ಧಗಂಟೆ ಹಾಗೇ ಕೂತೆವು. ಮೂರೂ ದೀಪಗಳು ಬೆಳ್ಳಗೆ, ಕದಲದೆ ಉರಿದವು. ಕೊನೆಗೆ ಭಾವ, "ಕೈ ಬಿಡ್ರಪ್ಪಾ, ಅರ್ಥ ಆಯ್ತು" ಅಂದರು. ಅವರ ದನಿ ಇಳಿದುಹೋಗಿತ್ತು.

ಕಾಲರಿನ ತೂತಿನ ಬಗ್ಗೆ ನ್ಯಾಯಾಧೀಶರಿಗೆ ಹೇಳಬಾರದೆಂದು ನಾನೂ ಜವಾನನೂ ನಿರ್ಧರಿಸಿದೆವು. ಮುಚ್ಚಿಬಿಟ್ಟರೆ ತೂತು ಎಲ್ಲಿದೆ? ಜವಾನ ಹೊರಡುವ ಮುಂಚೆ ಬಾಗಿಲಲ್ಲಿ ನಿಂತು, "ನಾನು ನೋಡಿಲ್ಲ. ನಾನು ಆ ಸಮಯಕ್ಕೆ ಸ್ಥಳದಲ್ಲೇ ಇರಲಿಲ್ಲ. ನೀವು ಯಾರು ಅಂತಲೂ ನನಗೆ ಗೊತ್ತಿಲ್ಲ" ಅಂದ.

ಭಾನುವಾರ ಬೆಳಗಿನಿಂದ ಅಕ್ಕ ಮೇಜು ಬಿಟ್ಟು ಏಳಲಿಲ್ಲ. ಭಾವ ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು, ಬಂದವರನ್ನೆಲ್ಲ ವಾಪಸು ಕಳಿಸಿದರು. ಲೋಹ ಮುಟ್ಟಲು ಬಂದ ಇಸ್ತ್ರಿಯವನಿಗೆ, "ಬಿಸಿ ಇದೆ, ಹೋಗು" ಅಂದರು. ಸಂಜೆ ಐದಕ್ಕೆ ಅಕ್ಕ ದಾರ ಕಡಿದು ಕೋಟನ್ನು ಕೊಡವಿದಳು. ನಾನು ಅದನ್ನು ತೆಗೆದುಕೊಂಡು ಹತ್ತು ನಿಮಿಷ ಹುಡುಕಿದೆ. ಎರಡೂ ಸಿಗಲಿಲ್ಲ.

ಸೋಮವಾರ ಒಂಬತ್ತಕ್ಕೆ ಸರಿಯಾಗಿ ನನ್ನ ಗಂಟೆ ಹೊಡೆಯಿತು. ನ್ಯಾಯಾಧೀಶರು ಸಣ್ಣ ಆಳು, ಬಿಳೀ ತಲೆ, ಮೆಲುದನಿ. ಕೋಟನ್ನು ಬಾಗಿಲ ಬೆಳಕಿಗೆ ಹಿಡಿದರು. ಕನ್ನಡಕ ಹಾಕಿದರು, ತೆಗೆದರು. ಎದೆಯ ಮೇಲೆಲ್ಲ ಬೆರಳಾಡಿಸಿದರು.

"ಎಲ್ಲಮ್ಮಾ ಇತ್ತು? ನಾನೇ ಕಣ್ಣಾರೆ ನೋಡಿದ್ನಲ್ಲ" ಅಂದರು. ಮುಖ ಅರಳಿತ್ತು. ಅಕ್ಕ ನಕ್ಕಳು. ಜವಾನ ನನ್ನನ್ನು ನೋಡಿ ಉಸಿರುಬಿಟ್ಟ. ಎಲ್ಲ ಮುಗಿಯಿತು ಎನ್ನುವಾಗ ಭಾವನ ಎದೆ ಉಬ್ಬಿತು. ನಾನು ಅವರ ತೋಳು ಜಿಗುಟಿದೆ. ಪ್ರಯೋಜನವಾಗಲಿಲ್ಲ.

"ಅದೇನು ಮಹಾ ಸಾರ್" ಅಂದರು. "ಕಾಲರ್ ಮೇಲಿಂದು ಹುಡುಕಿ ನೋಡೋಣ!"

ಜವಾನ ಮನೆಯ ಸೂರು ನೋಡತೊಡಗಿದ.

"ಕಾಲರ್ ಮೇಲೆ ಏನಿತ್ತು?" ಅಂದರು ನ್ಯಾಯಾಧೀಶರು.

ಭಾವ ಹೇಳಿದರು. ಗೋದಾಮಿನ ಗೋಡೆಯಿಂದ ಹಿಡಿದು, ಸ್ಪಂಜಿನ ಟೇಪು, ದೊಡ್ಡ ಡಬ್ಬಿ, ಒಲೆ, ಪಾತ್ರೆ ಎಲ್ಲವನ್ನೂ ಹೇಳಿದರು. "ನನ್ನ ತಪ್ಪು ಸಾರ್. ಇವಳದ್ದಲ್ಲ. ಲೋಹ ಬಿಸಿಯಾಗ್ಬೇಕು ಅನ್ನೋದೇ ನನಗೆ ಗೊತ್ತಿರಲಿಲ್ಲ" ಅಂದರು. ಅವರ ಬಾಯಿಂದ ಆ ಪದ ನಾನು ಕೇಳಿದ್ದು ಅದೇ ಮೊದಲು. ಯಾರೂ ಒತ್ತಾಯಿಸದೆ ತಾನಾಗಿ ತಪ್ಪೊಪ್ಪಿಕೊಳ್ಳುವ ಮನುಷ್ಯನನ್ನು ನ್ಯಾಯಾಧೀಶರು ವೃತ್ತಿಯ ಕೊನೆಯ ದಿನ ಕಂಡರು. ಕಾಲರನ್ನು ತಿರುಗಿಸಿ ಮುರುಗಿಸಿ ಬಹಳ ಹೊತ್ತು ನೋಡಿದರು.

"ಸಾಕ್ಷ್ಯ ಸಿಗ್ತಿಲ್ಲ" ಎಂದು ಕೋಟು ತೊಟ್ಟುಕೊಂಡರು. ಹೊಸ್ತಿಲಲ್ಲಿ ನಿಂತು ಅಕ್ಕನನ್ನು ಕೇಳಿದರು: "ಇನ್ನು ಕಪ್ಪು ತಗೊಳ್ಳಲ್ಲವಂತೆ? ನಮ್ಮ ವಕೀಲರೆಲ್ಲ ಗೋಳಾಡ್ತಿದ್ರು."

"ತಗೋತೀನಿ ಸಾರ್" ಅಂದಳು ಅಕ್ಕ. "ಕಳಿಸೋಕೆ ಹೇಳಿ."

ಅವರು ಹೊರಟಾಗ ಭಾವ ಬೀದಿಯವರೆಗೆ ಬೀಳ್ಕೊಡಲು ಹೋದರು. ನಾನು ಕಾಯುತ್ತಿದ್ದದ್ದು ಅದಕ್ಕೇ.

"ಅಕ್ಕಾ, ನಿನ್ನ ತಾಳ್ಮೆಗೆ ಒಂದು ಮಿತಿ ಬೇಡವಾ? ಗುರುವಾರವೇ ದೀಪ ಸರಿಯಾಗಿತ್ತು, ಬಿಚ್ಚಿ ಹಾಕಿದ್ರು. ಕೋಟು ಸುಟ್ಟರು. ಕೊನೆಗೆ ಜಡ್ಜ್ ಮುಂದೇನೇ ಬಾಯಿಬಿಟ್ಟರು. ಇಷ್ಟಕ್ಕೂ ಇದೆಲ್ಲ ಯಾಕೆ ಬೇಕಿತ್ತು? ಕಪ್ಪು ಬೇಜಾರಾಗಿದೆ ಅಂತ ನೀನೇ ಬಿಟ್ಟಿದ್ದೆ."

ಅಕ್ಕ ಮೇಜು ಒರೆಸುತ್ತಿದ್ದಳು. "ಬೇಜಾರಲ್ಲ ಕಣೋ. ಕಾಣ್ತಿರಲಿಲ್ಲ."

ಒರೆಸುವ ಬಟ್ಟೆಯನ್ನು ಕೊಡವಿ ಮುಂದುವರಿಸಿದಳು.

"ಗೋಡೆ ಬಂದ ಮೇಲೆ ಎಳೇನೇ ಕಾಣ್ತಿರಲಿಲ್ಲ. ಹೇಳ್ಕೊಳ್ಳೋಕೆ ನಾಚಿಕೆ ಆಯ್ತು, ಬೇಜಾರು ಅಂದೆ. ನೀನು ನಂಬಿದೆ. ಇವರು ನಂಬಲಿಲ್ಲ."

"ಭಾವನಿಗೆ ಹೇಳಿದ್ದೆಯಾ?"

"ಯಾರಿಗೂ ಹೇಳಿರಲಿಲ್ಲ. ಒಂದಿನ ಬೆಳಿಗ್ಗೆ ಕೆಲಸಕ್ಕೆ ಕೂತರೆ ಹತ್ತು ಸೂಜಿಗೆ ಕಪ್ಪು ದಾರ ಪೋಣಿಸಿ ಇಟ್ಟಿತ್ತು. ಮಾರನೇ ದಿನ ಮತ್ತೆ ಹತ್ತು. ಮೀಟರು ಓದೋಕೆ ಹೋಗೋ ಮುಂಚೆ ಎದ್ದು ಪೋಣಿಸ್ತಿದ್ರು. ನಾನೂ ಕೇಳ್ಲಿಲ್ಲ, ಅವರೂ ಹೇಳ್ಲಿಲ್ಲ. ಆಮೇಲೆ ದೀಪ ಮಾಡ್ತೀನಿ ಅಂತ ಕೂತ್ರು. ಬೇಡ ಅಂತ ಹೇಗೆ ಹೇಳ್ಲಿ?"

ಸೂಜಿದಿಂಬು ಮೇಜಿನ ಮೇಲೇ ಇತ್ತು. ಒಂದು ತಿಂಗಳಿನಿಂದ ಅದರ ಎದುರಿಗೆ ಕೂತು ನಾನು ಊಟ ಮಾಡಿದ್ದೆ. ಅವತ್ತಿನ ಹತ್ತು ಸೂಜಿಗಳೂ ಚುಚ್ಚಿಕೊಂಡಿದ್ದವು. ಒಂದರ ದಾರ ಮೊಳದುದ್ದ, ಇನ್ನೊಂದರದು ಗೇಣೂ ಇಲ್ಲ, ಮೂರರಲ್ಲಿ ಗಂಟು ಬಿದ್ದಿತ್ತು. ಅದು ಅಕ್ಕನ ಕೈಯಲ್ಲವೆಂದು ಎಂಥ ಕುರುಡನಿಗೂ ತಿಳಿಯುತ್ತಿತ್ತು. ನಾನು ಕೂತು ಆ ಗಂಟುಗಳನ್ನು ಬಿಡಿಸತೊಡಗಿದೆ.